ಸೊಲ್ಲಾಪುರದ ಲೈನು ಸಂಜೆ ಏಕೆ ಕೇಳಿಸುವುದಿಲ್ಲ?

ದೂರದ ಟೆಲಿಫೋನ್ ಲೈನುಗಳನ್ನು ಪರೀಕ್ಷಿಸುವ ಮುಖ್ಯ ಅಧಿಕಾರಿಗಳಿಗೆ, ಪತ್ರಿಕೆಯ ಮೂಲಕ,

ಮಾನ್ಯರೇ,

ನಾನು ಹಳೇ ಹುಬ್ಬಳ್ಳಿಯ ಮುರಿಗೆವ್ವ. ಯಜಮಾನರು ತೀರಿಕೊಂಡ ಮೇಲೆ ಹತ್ತಿಯ ದಲಾಲಿ ಅಂಗಡಿಯನ್ನು ನಾನೇ ನಡೆಸುತ್ತಿದ್ದೇನೆ. ಧಾರವಾಡದಲ್ಲಿ ಹೈಸ್ಕೂಲಿನವರೆಗೆ ಓದಿದ್ದೇನೆ. ಓಣಿಯವರ ಜಗಳಗಳು ನನ್ನ ಕಟ್ಟೆಗೆ ಬಂದು ತೀರುತ್ತವೆ. ಇಂಥವಳು ಮನೆಯ ಮಾತನ್ನು ಪತ್ರಿಕೆಗೆ ಬರೆಯುವುದು ನಾಚಿಕೆಗೇಡು. ಆದರೆ ಆ ಮಾತನ್ನು ನಿಮ್ಮ ಲೈನು ಆಗಲೇ ಎರಡು ಊರಿಗೆ ಹಂಚಿದೆ. ಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಸೊಲ್ಲಾಪುರದ ಲೈನಿನಲ್ಲಿ ಸಂಜೆಯಾದರೆ ಕಡಲೆ ಹುರಿದಂಥ ಸದ್ದು. ಮೆಲ್ಲಗೆ ಆಡಿದ ಮಾತು ಅದರಲ್ಲಿ ಮುಳುಗಿಹೋಗುತ್ತದೆ. ದೂರು ಕೊಟ್ಟು ಕೊಟ್ಟು ಸಾಕಾದ ಮೇಲೆ ನಿಮ್ಮ ಇನ್‌ಸ್ಪೆಕ್ಟರು ಒಂದು ಮುಂಜಾನೆ ಅಂಗಡಿಗೆ ಬಂದರು. ಸೊಲ್ಲಾಪುರದ ಕಚೇರಿಯವರನ್ನು ಕರೆದು "ಒಂದು, ಎರಡು, ಮೂರು" ಎಂದು ಕೂಗಿದರು. ಅವರೂ ಅಲ್ಲಿಂದ ಕೂಗಿದರು. ಆ ಗಂಟಲುಗಳಿಗೆ ತಂತಿಯ ಅಗತ್ಯವಾದರೂ ಏನಿತ್ತು?

"ಲೈನು ಛಲೋ ಐತ್ರೀ ಅವ್ವಾರ. ದಿನಾ ಮುಂಜಾನೆ ನೋಡ್ತೇವ್ರಿ."

"ಸಂಜಿಮುಂದ ನೋಡೀರೇನು?"

"ಸಂಜಿಮುಂದ ಮಂದಿ ಮಾತಾಡ್ತಿರ್ತಾರಲ್ರಿ. ಆವಾಗ ಹ್ಯಾಂಗ ನೋಡೂದು?"

ಮಾನ್ಯರೇ, ಮಂದಿ ಮಾತಾಡುವ ಹೊತ್ತಿನಲ್ಲಿ ಪರೀಕ್ಷಿಸಲಾಗದ ಲೈನನ್ನು ಯಾರಿಗಾಗಿ ಎಳೆದಿದ್ದೀರಿ? ತಂತಿಯ ಮೇಲೆ ಕೂಡುವ ಕಾಗೆಗಳಿಗೋ?

ನನ್ನ ಮಗಳು ರತ್ನವ್ವನನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದೆ. ಬೀಗರ ಪಡಸಾಲೆಯಲ್ಲಿ ಟೆಲಿಫೋನಿದೆ ಎಂದು ನಾನು ನಾಲ್ಕು ಮಂದಿಯ ಮುಂದೆ ಹೆಮ್ಮೆಪಟ್ಟವಳು. ಕಳೆದ ತಿಂಗಳು ಒಂದು ಸಂಜೆ ಅವಳಿಗೆ ಫೋನು ಮಾಡಿದೆ. ಅವಳು ಏನೋ ಹೇಳಿದಳು. ಕೇಳಿಸಲಿಲ್ಲ.

"ಏನಂದಿ? ಜೋರಾಗಿ ಹೇಳು."

ಮತ್ತೆ ಹೇಳಿದಳು. ಮತ್ತೆ ಅದೇ ಸದ್ದು.

"ಬಾಯಾಗ ಎಲಿ ಅಡಿಕಿ ಇಟಗೊಂಡೀಯೇನು? ಬಿಚ್ಚಿ ಹೇಳವ್ವ."

ಆಗ ಕೂಗಿದಳು. "ನನ್ನ ಹೊಡೀತಾರ ಅವ್ವಾ. ಬಂದು ಕರಕೊಂಡು ಹೋಗು."

ಆ ಪಡಸಾಲೆಯಲ್ಲಿ ಅವಳ ಅತ್ತೆ ಕೂತಿದ್ದರು. ಅವರು ಫೋನು ಕಸಿದುಕೊಂಡು ಗಟ್ಟಿಯಾಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಈಗರೆ ಕೇಳಿಸ್ತೇನ್ರಿ ಬೀಗರ? ನಮಗೂ ಕೇಳಿಸ್ತು."

ಅಂಗಡಿಯಲ್ಲಿ ಹಮಾಲರು ಹತ್ತಿಯ ಅಂಡಿಗೆಗಳನ್ನು ಇಳಿಸುತ್ತಿದ್ದರು. ನಾನು ಗದರಿದ್ದನ್ನು ಅವರೆಲ್ಲ ಕೇಳಿದ್ದರು. ಫೋನು ಇಟ್ಟ ಮೇಲೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಆ ರಾತ್ರಿ ಅವಳಿಗೆ ಏನಾಯಿತೆಂದು ಮಗಳು ಹೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ. ಅವಳನ್ನು ಕೂಗಿಸಿದವಳು ನಾನು. ನನ್ನ ಪಾಲಿನ ನಾಚಿಕೆಯನ್ನು ನಾನು ಹೊರುತ್ತೇನೆ. ನಿಮ್ಮ ಪಾಲಿನದನ್ನು "ಲೈನು ಛಲೋ ಐತಿ" ಎಂಬ ಮಾತಿನ ಕೆಳಗೆ ಮುಚ್ಚಿಡಬೇಡಿ.

ನನ್ನ ಬೇಡಿಕೆ ದೊಡ್ಡದಲ್ಲ. ಲೈನನ್ನು ಸಂಜೆ ಪರೀಕ್ಷಿಸಿರಿ. ಈ ತುದಿಯಿಂದ ಆ ತುದಿಯವರೆಗೆ ಪರೀಕ್ಷಿಸಿರಿ. ನಿಮ್ಮ ಮನೆಯ ಹೆಣ್ಣುಮಗಳೊಬ್ಬಳನ್ನು ಕೂಡಿಸಿ, ಪಕ್ಕದ ಕೋಣೆಗೆ ಕೇಳದಷ್ಟು ಮೆಲ್ಲಗೆ ಮಾತಾಡಲು ಹೇಳಿರಿ. ಅದು ಸೊಲ್ಲಾಪುರಕ್ಕೆ ಮುಟ್ಟಿದರೆ ಮಾತ್ರ ಲೈನು ಛಲೋ ಇದೆ ಎಂದು ಬರೆಯಿರಿ.

ನಿಮ್ಮ ಲೈನು ಸರಿಯಾಗಲೆಂದು ನಾನು ಕಾಯಲಿಲ್ಲ. ಆ ಫೋನಿನ ಮರುದಿನದ ಗಾಡಿಗೇ ಸೊಲ್ಲಾಪುರಕ್ಕೆ ಹೋದೆ. ಮಗಳನ್ನು ಇನ್ನು ಕಳಿಸುವುದಿಲ್ಲವೆಂದು ಬೀಗರೆದುರು ನಿಂತು ಹೇಳಿ, ಅವಳ ಟ್ರಂಕನ್ನು ನಾನೇ ಎತ್ತಿಕೊಂಡು ಅವಳೊಡನೆ ಹೊರಬಿದ್ದೆ.

ಇಂತಿ,
ತಡವಾಗಿ ಕೇಳಿಸಿಕೊಂಡ ತಾಯಿ,
ಮುರಿಗೆವ್ವ, ಹಳೇ ಹುಬ್ಬಳ್ಳಿ