ನನಗಾಗಿ ಕೆಮ್ಮಿದ ಅಕ್ಕನಿಗೆ

ಕೂಡ್ಲಿಗಿ
೧೯೮೬, ಕಾರ್ತಿಕದ ಒಂದು ಭಾನುವಾರ

ಪಕ್ಕೀರಕ್ಕಾ,

ಓದು ಬಾರದ ನಿನಗೆ ಕಾಗದ ಬರೆಯಲು ಕೂತಿದ್ದೇನೆ, ಅದೂ ನೀನು ಹೋದ ಮೇಲೆ. ನೀನಿದ್ದಿದ್ದರೆ, "ಹುಚ್ಚಪ್ಪ, ಇದನ್ನ ಬಾಯಿಲೆ ಹೇಳಾಕ ಏನಾಗಿತ್ತು ನಿನಗ?" ಎಂದು ಕೇಳುತ್ತಿದ್ದೆ. ಏನಾಗಿತ್ತೆಂದರೆ ನಾಚಿಕೆಯಾಗಿತ್ತು. ಎಂಟು ವರ್ಷ ಅದು ನನ್ನ ಬಾಯಿ ಕಟ್ಟಿತ್ತು.

ಹರಪನಹಳ್ಳಿಗೆ ಹೋಗಿದ್ದು ನೆನಪಿದೆಯಲ್ಲ? ನನಗೆ ಆಗಷ್ಟೇ ಗುಮಾಸ್ತನ ಕೆಲಸ ಸಿಕ್ಕಿತ್ತು. ಅಪ್ಪ ಅವ್ವ ಇಲ್ಲದ ನನ್ನನ್ನು ರಸ್ತೆಗೆ ಜಲ್ಲಿ ಒಡೆದು, ಕಂಡವರ ಹೊಲದಲ್ಲಿ ಶೇಂಗಾ ಕಿತ್ತು ಓದಿಸಿದವಳು ನೀನು. ನಮ್ಮ ಆಫೀಸಿನ ಹೆಡ್ ಗುಮಾಸ್ತರು ಶನಿವಾರ ಮಧ್ಯಾಹ್ನ ಮನೆಯವರನ್ನು ಕರೆದುಕೊಂಡು ಹೊಸಪೇಟೆಗೆ ಹೋಗಿ, ಲಾಡ್ಜಿನಲ್ಲಿದ್ದು, ಸೋಮವಾರ ಮುಖ ಅರಳಿಸಿಕೊಂಡು ಬರುತ್ತಿದ್ದರು. ನನ್ನ ಅಕ್ಕನಿಗೂ ಅಂಥದ್ದೊಂದು ಶನಿವಾರ ಬೇಡವೇ ಅನ್ನಿಸಿತು.

"ಯಾರದು ಮದುವಿ?" ಎಂದು ಕೇಳಿದೆ ನೀನು. ಯಾರದೂ ಇಲ್ಲ ಅಂದೆ. "ಮತ್ತ ದವಾಖಾನಿಗೇನು?" ಅದೂ ಅಲ್ಲ, ಸುಮ್ಮನೆ ಎರಡು ದಿನ ಇದ್ದು ಬರೋಣ ಎಂದಾಗ ನೀನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ. "ಸುಮ್ಮನ ಯಾರರ ಬಸ್ ಹತ್ತತಾರೇನಲೇ?"

ಆಮೇಲೆ ದನಿ ತಗ್ಗಿಸಿ, "ಅಲ್ಲಿ ಚಾ ಹೆಂಗ?" ಎಂದು ಕೇಳಿದೆ. ಆ ಪ್ರಶ್ನೆಯ ಅರ್ಥ ನಮ್ಮ ಕೇರಿಯವರಿಗೆ ಮಾತ್ರ ಗೊತ್ತು. ನಮ್ಮೂರ ಹೋಟೆಲಿನ ಸೂರಿನ ಸಂದಿಯಲ್ಲಿ ನಿನ್ನ ಅಲ್ಯೂಮಿನಿಯಂ ಲೋಟ ಇರುತ್ತಿತ್ತು. ಕೂಲಿಗೆ ಹೋಗುವಾಗ ಅದನ್ನು ತೆಗೆದು, ಹೊರಗೇ ನಿಂತು ಎರಡೂ ಕೈಯಲ್ಲಿ ಮುಂದೆ ಹಿಡಿಯಬೇಕು. ಅವರು ಮೇಲಿಂದ ಚಹಾ ಸುರಿಯುತ್ತಾರೆ. ಕುಡಿದು, ತೊಳೆದು, ಮತ್ತೆ ಸೂರಿಗೆ ಸಿಕ್ಕಿಸಬೇಕು.

"ಗಾಜಿನ ಲೋಟದಾಗ ಕೊಡ್ತಾರಕ್ಕ. ತಂದು ಮೇಜಿನ ಮ್ಯಾಲ ಇಡ್ತಾರ. ಆ ಊರಾಗ ನಮ್ಮ ಗುರುತು ಯಾರಿಗೈತಿ?" ಎಂದು ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದೆ. ನೀನು ಒಪ್ಪಿದ್ದು ಲಾಡ್ಜಿಗಲ್ಲ, ಪೇಟೆಗಲ್ಲ, ಆ ಗಾಜಿನ ಲೋಟಕ್ಕೆ.

ಹೊಸಹಳ್ಳಿವರೆಗೆ ನಡೆದು ಬಸ್ಸು ಹಿಡಿದೆವು. ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಪಕ್ಕದಲ್ಲಿ ನಿಂತ ಹೆಂಗಸು ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ, "ಸುಮ್ಮನ ಹೊಂಟೀವ್ರಿ" ಎಂದು ಎಷ್ಟು ಬಿಂಕದಿಂದ ಹೇಳಿದೆ ನೀನು. ಆ ಬಿಂಕವನ್ನು ನಾನು ಹೊತ್ತು ಮುಳುಗುವವರೆಗೂ ಉಳಿಸಲಿಲ್ಲ.

ಹರಪನಹಳ್ಳಿಯಲ್ಲಿ ಇಳಿದವರೇ ಒಂದು ಹೋಟೆಲಿಗೆ ಹೋದೆವು. ನೀನು ರೂಢಿಯಂತೆ ಮೆಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂರಲು ಹೋದೆ. ನಾನು ರಟ್ಟೆ ಹಿಡಿದು ಒಳಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದೆ. ಮಾಣಿ ಬಂದು ಏನು ಬೇಕೆಂದು ಕೇಳಿದ್ದೇ ತಡ, ನಿನ್ನ ಕೈ ಚೀಲದೊಳಗೆ ಹೋಯಿತು. ಆ ಲೋಟವನ್ನು ನೀನು ಜೊತೆಗೆ ತಂದಿರುವುದು ನನಗೆ ಗೊತ್ತಿರಲಿಲ್ಲ. ಇರಲಿ ಎಂದು ತಂದಿದ್ದೆಯೋ ಏನೋ. ಎರಡೂ ಕೈಯಲ್ಲಿ ಅದನ್ನು ಮುಂದಕ್ಕೆ ಹಿಡಿದು, ಮೈಯನ್ನು ಹಿಂದಕ್ಕೆ ಬಾಗಿಸಿದೆ.

ಪಕ್ಕದ ಮೇಜಿನವರು ತಿರುಗಿ ನೋಡಿದರು. ಗಲ್ಲಾದ ಮೇಲಿದ್ದ ಯಜಮಾನ, "ಯಾವೂರ್ರಿ ನಿಮ್ಮದು?" ಎಂದ. ಅವನು ಸುಮ್ಮನೆ ಕೇಳಿದನೋ, ಅಳೆಯಲು ಕೇಳಿದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಹೇಳಿದೆ: "ಅಕ್ಕಗ ಕೆಮ್ಮಿನ ಜಡ್ಡು ಐತ್ರಿ. ಬ್ಯಾರೆ ಲೋಟ ಇಟ್ಕೋರಿ ಅಂತ ಡಾಕ್ಟರು ಹೇಳ್ಯಾರ."

"ಹಂಗಾರ ಅವರ ಲೋಟಕ್ಕ ಹಾಕಪ್ಪ, ಮುಟ್ಟಿಸಬ್ಯಾಡ" ಎಂದ ಯಜಮಾನ.

ಮಾಣಿ ಮೇಲಿಂದ ಸುರಿದ. ನನ್ನ ಮುಂದೆ ಗಾಜಿನ ಲೋಟ ಬಂತು. ನೀನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದೆ. ಆಮೇಲೆ ಸೆರಗು ಅಡ್ಡ ಹಿಡಿದು ಎರಡು ಸಲ ಕೆಮ್ಮಿದೆ. ನನ್ನ ಸುಳ್ಳು ನಿಲ್ಲಲಿ ಎಂದು, ಜೀವಮಾನದಲ್ಲಿ ಒಂದು ದಿನವೂ ಕೆಮ್ಮಿ ಮಲಗದ ನೀನು, ಕೆಮ್ಮಿದೆ.

ಅಷ್ಟಕ್ಕೇ ನಾನು ಸುಮ್ಮನಾಗಲಿಲ್ಲ. ಲಾಡ್ಜಿನ ಬಾಗಿಲು ಹಾಕಿಕೊಂಡು ನಿನ್ನನ್ನೇ ಬೈದೆ. "ನಿನಗ ಎಷ್ಟ ಹೇಳಿದ್ರೂ ಅಷ್ಟ. ಬುದ್ಧಿ ಬರಂಗಿಲ್ಲ" ಎಂದೆ. ನೀನು ಫ್ಯಾನಿನ ಗುಂಡಿ ಒತ್ತುತ್ತಾ, ಆರಿಸುತ್ತಾ, ಅದು ತಿರುಗುವುದನ್ನು ನೋಡುತ್ತಾ ನಿಂತಿದ್ದೆ. ನನ್ನ ಕೋಪ ನಿನ್ನ ಮೇಲಿನದಾಗಿರಲಿಲ್ಲ ಅಕ್ಕ. ಆದರೆ ಬೈಸಿಕೊಳ್ಳಲು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನೀನು ಸೀರೆಯ ಮುಂಭಾಗವನ್ನೆಲ್ಲ ಒದ್ದೆ ಮಾಡಿಕೊಂಡು ಕೂತಿದ್ದೆ. "ಕೆಳಗಿಳದು ಬೀದಿ ನೋಡಿ ಬಂದೆ" ಎಂದೆ. ಆ ದಿನವೆಲ್ಲ ನೀನು ಬಹಳ ಖುಷಿಯಾಗಿದ್ದೆ. ಬಳೆ ತೊಡಿಸಿಕೊಂಡೆ, ಕೆರೆ ಏರಿಯ ಮೇಲೆ ನನಗಿಂತ ಮುಂದೆ ನಡೆದೆ. ನಾನು ಮತ್ತೆ ಯಾವ ಹೋಟೆಲಿಗೂ ನಿನ್ನನ್ನು ಕರೆದೊಯ್ಯಲಿಲ್ಲ. ಮಂಡಕ್ಕಿ ಮಿರ್ಚಿಯನ್ನು ಕಾಗದದಲ್ಲಿ ಕಟ್ಟಿಸಿ ಏರಿಯ ಮೇಲೆಯೇ ತಿನ್ನಿಸಿದೆ. ಕಾಗದಕ್ಕೆ ಲೋಟದ ತಂಟೆಯಿಲ್ಲ ನೋಡು. ನನ್ನ ಮನಸ್ಸು ನೋಯದಿರಲಿ ಎಂದು ನೀನು ಖುಷಿಯ ಸೋಗು ಹಾಕಿದ್ದೀಯ ಎಂದುಕೊಂಡೆ. ವಾಪಸು ಬರುವಾಗ ಕೊಟ್ಟೂರಿನಲ್ಲಿ ನೀನು, "ಲೋಟ ಅಲ್ಲೇ ಮರತು ಬಂದೆ ನೋಡು" ಅಂದೆ.

ಆಮೇಲೆ ನೀನು ನಮ್ಮೂರ ಹೋಟೆಲಿನ ಚಹಾ ಮುಟ್ಟಲಿಲ್ಲ. ನನ್ನ ಮಾತೇ ನಿನ್ನ ಬಾಯಿರುಚಿ ಕೆಡಿಸಿತು ಎಂದು ನಾನು ಒಳಗೇ ಬೇಯುತ್ತಿದ್ದೆ. ನೀನೋ ಪ್ರತಿ ಬೇಸಿಗೆಗೂ, "ಈ ಸಲ ಎಲ್ಲಿಗೆ ಸುಮ್ಮನ ಹೋಗಾಣ?" ಎಂದು ಕೇಳುತ್ತಿದ್ದೆ. ನಾನು ಆಫೀಸಿನ ಕೆಲಸದ ನೆವ ಹೇಳುತ್ತಿದ್ದೆ. ಎಂಟು ಬೇಸಿಗೆ ಹಾಗೇ ಹೋದವು. ಹೋದ ತಿಂಗಳು ಎದೆನೋವು ಬಂದು ನೀನೂ ಹೋದೆ.

ನಿನ್ನ ಮೂರನೇ ದಿನದ ಕಾರ್ಯ ಮುಗಿದ ಮೇಲೆ, ನಿನ್ನ ಜೊತೆ ಜಲ್ಲಿ ಒಡೆಯುತ್ತಿದ್ದ ಮಾರೆಮ್ಮ ನನ್ನ ಪಕ್ಕ ಬಂದು ಕೂತಳು. ನಾನು ಆ ಲೋಟದ ಮಾತೆತ್ತಿ ಅತ್ತೆ.

"ಆಕಿ ಅದನ್ನ ಮರತು ಬಂದಿದ್ದಿಲ್ಲಪ್ಪ, ಬೇಕಂತ ಬಿಟ್ಟು ಬಂದಿದ್ಲು" ಎಂದಳು ಮಾರೆಮ್ಮ. "ನೀನು ಜಳಕಕ್ಕ ಹೋದಾಗ ಒಬ್ಬಾಕೇ ಎದುರಿನ ಹೋಟ್ಲಕ್ಕ ಹೋಗಿ, ಬೆಂಚಿನ ಮ್ಯಾಲ ಕುಂತು, ಗಾಜಿನ ಲೋಟದಾಗ ಚಾ ಕುಡದಿದ್ಲು. ಕೈ ನಡುಗಿ ಅರ್ಧ ಸೀರಿ ಮ್ಯಾಲ ಚೆಲ್ಲಿಕೊಂಡ್ಲಂತ. ಇನ್ನ ಆ ಸೂರಿನ ಲೋಟ ಹಿಡಿಯಂಗಿಲ್ಲ ಅಂದ್ಲು. ತಮ್ಮಗ ಮಾತ್ರ ಹೇಳಬ್ಯಾಡ, ಅಂವ ಅಂಜಿದ್ದು ನನಗ ತಿಳೀತು ಅಂತ ಗೊತ್ತಾದ್ರ ಸಣ್ಣಾಗ್ತಾನ ಅಂದಿದ್ಲು."

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಡುಗುವ ಕೈಯಲ್ಲಿ ನೀನು ಆ ಲೋಟ ಎತ್ತಿದಾಗ ಎದುರಿಗೆ ನಾನು ಕೂತಿರಬೇಕಿತ್ತು ಅಕ್ಕ. ಅದಕ್ಕೆಂದೇ ನಿನ್ನನ್ನು ಕರೆದೊಯ್ದಿದ್ದೆ.

ನಿನ್ನೆ ಶನಿವಾರ ಆಫೀಸು ಮುಗಿಸಿ ಹರಪನಹಳ್ಳಿಗೆ ಹೋಗಿದ್ದೆ. ನೀನೊಬ್ಬಳೇ ಹೋಗಿ ಚಹಾ ಕುಡಿದ ಹೋಟೆಲು ಈಗ ಇಲ್ಲ, ಬಟ್ಟೆ ಅಂಗಡಿಯಾಗಿದೆ. ನಾವಿಬ್ಬರೂ ಕೂತದ್ದು ಮಾತ್ರ ಇದೆ. ಗಲ್ಲಾದ ಮೇಲೆ ಅದೇ ಯಜಮಾನ, ತಲೆ ಬೆಳ್ಳಗಾಗಿದೆ. ಈ ಸಲ ಅವನು ಏನೂ ಕೇಳಲಿಲ್ಲ. ನಾನೇ ಹತ್ತಿರ ಹೋಗಿ ನಮ್ಮೂರಿನ ಹೆಸರು ಹೇಳಿದೆ, ನಮ್ಮ ಕೇರಿಯ ಹೆಸರು ಹೇಳಿದೆ, ನಿನ್ನ ಹೆಸರು ಹೇಳಿದೆ. "ನಮ್ಮಕ್ಕಗ ಯಾವ ಜಡ್ಡೂ ಇದ್ದಿದ್ದಿಲ್ರಿ" ಎಂದೆ. ಅವನು ಏನೂ ತಿಳಿಯದೆ, "ಕುಂದರ್ರಿ, ಚಾ ಬರತೈತಿ" ಎಂದ.

ನೀನು ಈಗಿರುವಲ್ಲಿ ನಿನ್ನನ್ನು ಯಾವ ಊರೆಂದು ಯಾರೂ ಕೇಳದಿರಲಿ, ತಾಯಿ. ಕೇಳಿದರೆ ತಲೆಯೆತ್ತಿ ಹೇಳು. ನನಗಾಗಿ ಇನ್ನು ಕೆಮ್ಮಬೇಡ.

ನಿನ್ನ ತಮ್ಮ,
ನಾಗೇಂದ್ರಪ್ಪ