ಮಡಿಲಿಗೆ ಹಾಕಿದ ತೆಂಗಿನಕಾಯಿ

ನವುಲೆ, ಶಿವಮೊಗ್ಗ
12 ನವೆಂಬರ್ 2024, ಮಂಗಳವಾರ

ಮುದ್ದಿನ ತಂಗಿ ಸುಪ್ರಿಯಾ,

ತಲೆಯ ಹೊಲಿಗೆ ಬಿಚ್ಚಿದರಾ? ಬಲಗೈ ಬೆರಳು ಮಡಚಲು ಬರುತ್ತಿದೆಯೇ? ಕುಂಸಿಯ ಚಳಿಗೆ ಪ್ಲಾಸ್ಟರಿನೊಳಗೆ ನೋವು ಹೆಚ್ಚುತ್ತದೆಂದು ನಮ್ಮ ಸುಭದ್ರತ್ತೆ ಹೇಳಿದರು. ನಿನ್ನ ಗಂಡ ಅನ್ನಿಸಿಕೊಂಡ ಮನೋಹರ ನಿನ್ನ ಫೋನನ್ನು ರುಬ್ಬುಗುಂಡಿನಿಂದ ಜಜ್ಜಿದ ಮೇಲೆ ನಿನ್ನೊಡನೆ ಸರಿಯಾಗಿ ಮಾತಾಡಲು ಆಗಿಲ್ಲ. ಅತ್ತೆಯ ಫೋನಿಗೆ ಮಾಡಿದರೆ ಅವರೂ ಪಕ್ಕದಲ್ಲೇ ಕೂತಿರುತ್ತಾರೆ, ಅವರಿಗೆ ನಿನ್ನನ್ನು ಗಂಡನ ಮನೆಗೆ ವಾಪಸ್ ಕಳಿಸುವುದೊಂದೇ ಮಾತು. ಅದಕ್ಕೇ ಈ ಕಾಗದ.

ನನ್ನ ಸಂಜೆಯ ಇಂಗ್ಲಿಷ್ ಕ್ಲಾಸು ನಡೆಯುತ್ತಿದೆ. ನಿನ್ನೆ 'ಪುಟ್ ಅಪ್' ಪಾಠ. ಗೋಡೆಗೆ ನೋಟೀಸು ಹಾಕುವುದು ಪುಟ್ ಅಪ್. ಬಂದವರನ್ನು ಒಂದೆರಡು ದಿನ ಮನೆಯಲ್ಲಿ ಉಳಿಸಿಕೊಳ್ಳುವುದೂ ಅದೇ. ಪುಟ್ ಅಪ್ ಎ ಫೈಟ್ ಎಂದರೆ ಬಿಟ್ಟುಕೊಡದೆ ಎದುರು ನಿಲ್ಲುವುದು. ಕೊನೆಗೆ 'ವಿತ್' ಸೇರಿಸಿದೆ: ಪುಟ್ ಅಪ್ ವಿತ್, ಇಷ್ಟವಿಲ್ಲದ್ದನ್ನು ಸಹಿಸಿಕೊಳ್ಳುವುದು. ಉದಾಹರಣೆ ಕೊಡಿ ಎಂದರೆ ಒಬ್ಬರು ಸೊಳ್ಳೆ ಅಂದರು, ಒಬ್ಬರು ಭದ್ರಾವತಿ ಬಸ್ಸಿನ ನೂಕುನುಗ್ಗಲು ಅಂದರು. ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಸಮ್ರೀನ್ ಪೆನ್ನು ಕಚ್ಚುತ್ತಾ ಕೇಳಿದಳು, "ಮೇಡಂ, ಎಷ್ಟು ದಿನ ಅಂತ ಇದರಲ್ಲಿ ಎಲ್ಲಿ ಬರೀಬೇಕು?" ಎಲ್ಲರೂ ನಕ್ಕರು. ನಾನು ಬೋರ್ಡಿನ ಕಡೆ ತಿರುಗಿ ನಿಂತೆ.

ಕವಿತೆ ಓದುವವಳು, ಪದವನ್ನು ತೂಗಿ ನೋಡುವವಳು ಎಂದು ನನಗೆ ಜಂಬ. ನಿನಗೆ ಮೂರು ಸಲವೂ ಹೇಳಿದ್ದು ಒಂದೇ ಮಾತು: "ಸಹಿಸ್ಕೋ ಮಾರಾಯ್ತಿ." ಮೊದಲ ಸಲ ನಿನ್ನ ತುಟಿ ಸೀಳಿತ್ತು. ಎರಡನೇ ಸಲ ಬೆಲ್ಟಿನ ಬಕಲ್ ಬೆನ್ನ ಮೇಲೆ ಅಚ್ಚೊತ್ತಿತ್ತು, ಅರಿಶಿನ ಹಚ್ಚಿದೆ. ಮೂರನೇ ಸಲ ಪಕ್ಕೆಗೆ ಒದ್ದಿದ್ದ, ನೀನು ಉಸಿರೆಳೆದಾಗೆಲ್ಲ ನರಳುತ್ತಿದ್ದೆ. ಪ್ರತಿ ಸಲವೂ ಅಮ್ಮ ಮಾಡುತ್ತಿದ್ದಂತೆ ಕುಂಕುಮವಿಟ್ಟು, ಸೆರಗೊಡ್ಡಿಸಿ, ಅಕ್ಕಿ, ಬೆಲ್ಲ, ರವಿಕೆ ಕಣ, ತೆಂಗಿನಕಾಯಿ ಮಡಿಲಿಗೆ ತುಂಬಿ ಭದ್ರಾವತಿ ಬಸ್ಸು ಹತ್ತಿಸಿದೆ. ಹೆಣ್ಣುಮಗಳನ್ನು ಬರಿ ಮಡಿಲಲ್ಲಿ ಕಳಿಸಬಾರದು ಎಂಬುದಷ್ಟೇ ನನಗೆ ನೆನಪಿದ್ದದ್ದು.

ಆ ಮೂರನೇ ಸಲ ನೀನು ಮನೆ ಮುಟ್ಟಿದ ಸಂಜೆಯೇ ಅವನು ಹೊಡೆದದ್ದು ಅದೇ ಕಾಯಿಯಿಂದ. "ನಿಮ್ಮಕ್ಕ ಕೊಟ್ಟಿದ್ದು, ತಗೋ" ಅಂದನಂತೆ. ತಲೆ ಒಡೆಯಿತು, ಅಡ್ಡ ಹಿಡಿದ ಕೈ ಮುರಿಯಿತು, ಕಾಯಿ ಒಡೆಯಲಿಲ್ಲ. ನಿಮ್ಮ ಪಕ್ಕದ ಮನೆಯ ಸರ್ವರ್ ಬೀ ಫೋನ್ ಮಾಡಿ ನಾನು ಅಲ್ಲಿಗೆ ಬರುವಷ್ಟರಲ್ಲಿ ಅದು ಅಡಿಗೆಕಟ್ಟೆಯ ಕೆಳಗೆ ಉರುಳಿತ್ತು, ಜುಟ್ಟು ರಕ್ತದಲ್ಲಿ ನೆನೆದು ನಿನ್ನ ಕೂದಲು ಅಂಟಿಕೊಂಡಿತ್ತು. ಯಾರೂ ನೋಡಬಾರದೆಂದು ಚೀಲಕ್ಕೆ ತುಂಬಿಕೊಂಡೆ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ "ಬಚ್ಚಲಲ್ಲಿ ಜಾರಿಬಿದ್ದಳು" ಎಂದವಳೂ ನಾನೇ. ನೀನು ನನ್ನ ಮುಖ ನೋಡಿದೆ. ಆ ಚೀಲ ಇಪ್ಪತ್ತು ದಿನದಿಂದ ನನ್ನ ಪುಸ್ತಕದ ಕಪಾಟಿನ ಕೆಳಗೆ ಇತ್ತು.

ಮಾತ್ರೆ ತಪ್ಪಿಸಬೇಡ, ಹಾಲು ಕುಡಿ. ಅತ್ತೆಗೆ ನಮಸ್ಕಾರ ತಿಳಿಸು. ನಿನ್ನ ಕೈ ಮೊದಲಿನಂತಾಗಲಿ.

ನಿನ್ನ ಅಕ್ಕ,
ಪ್ರಿಯದರ್ಶಿನಿ

ಮರೆತ ಮಾತು: ಸ್ಪೀಡ್ ಪೋಸ್ಟ್ ಕೌಂಟರ್ ಮುಚ್ಚುವ ಹೊತ್ತಾಯಿತು. ಭಾನುವಾರ ಮನೋಹರ ನಿನ್ನನ್ನು ಕರೆದೊಯ್ಯಲು ಬರುತ್ತಾನೆ. ಅತ್ತೆ ಮಡಿಲಕ್ಕಿಗೆ ಕಾಯಿ ತೆಗೆದಿಟ್ಟಿದ್ದಾರಂತೆ. ಸೆರಗೊಡ್ಡಬೇಡ. ಇವತ್ತು ಬೆಳಿಗ್ಗೆ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಸುಳ್ಳೆಂದು ಬರೆದು ಸಹಿ ಹಾಕಿದೆ, ಚೀಲವನ್ನೂ ಕೊಟ್ಟು ಬಂದೆ. ಶನಿವಾರ ಮೊದಲ ಬಸ್ಸಿಗೆ ನಾನೇ ಕುಂಸಿಗೆ ಬರುತ್ತೇನೆ. ಬರಿ ಮಡಿಲಲ್ಲಿ ಹೊರಟು ನಿಂತಿರು.