ಮುಂಬಾಗಿಲು ತಟ್ಟಿದ ಮ್ಯಾನೇಜರ್

ಪೆಂತ್ರೆಗೋಚ್, ವೇಲ್ಸ್
12 ಜೂನ್ 1987

ಪ್ರೀತಿಯ ಮೆರೆರಿದ್ ಅಕ್ಕನಿಗೆ,

ನಾವಿಲ್ಲಿ ಆರೋಗ್ಯವಾಗಿದ್ದೇವೆ. ದೂರದ ಪಟಗೋನಿಯಾದಲ್ಲಿ ನೀವೆಲ್ಲ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ತಿಂಗಳು ದಾಟಿತು. ಬೈದುಕೊಂಡಿರುತ್ತೀಯೆ, ಬೈದುಕೋ. ಬರೆಯಲು ಕೂತಾಗಲೆಲ್ಲ ಅಳು ಬಂದು ಎದ್ದುಬಿಡುತ್ತಿದ್ದೆ. ಅಮ್ಮನ ಚಿನ್ನದಂಚಿನ ಕಪ್ಪುಗಳು ಹೇಗಿವೆ ಎಂದು ಕೇಳಿದ್ದೆಯಲ್ಲ, ಒಂದೂ ಒಡೆದಿಲ್ಲ. ಕಳೆದ ತಿಂಗಳು ಅವನ್ನು ಹೊರಗೆ ತೆಗೆಯುವ ಪ್ರಸಂಗ ಬಂತು. ಆ ಕಥೆಯನ್ನೇ ಹೇಳುತ್ತೇನೆ, ಕೇಳು.

ನಮ್ಮ ಮನೆಯವರು ಎಮ್ಲಿನ್ ಚಿಕ್ಕಂದಿನಲ್ಲಿ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಆಡಲು ಹೋಗಿದ್ದು ನಿನಗೆ ಗೊತ್ತು. ಒಂದು ಬೆಳಿಗ್ಗೆ ಅಭ್ಯಾಸಕ್ಕೆ ಹೋದರೆ ಬೂಟು ನೇತುಹಾಕುವ ಗೂಟದಲ್ಲಿ ಇವರ ಜೋಡಿಯೇ ಇರಲಿಲ್ಲವಂತೆ. ನಿನ್ನನ್ನು ತೆಗೆದುಹಾಕಿದ್ದೇವೆ ಎಂದು ಬಾಯಿಬಿಟ್ಟು ಹೇಳುವಷ್ಟು ದೊಡ್ಡತನವೂ ಯಾರಿಗೂ ಇರಲಿಲ್ಲ. ಆಮೇಲೆ ಬೇರೆ ಕ್ಲಬ್ಬು ಸಿಕ್ಕಿತು, ವರ್ಷಗಟ್ಟಲೆ ಆಡಿದರು, ವೇಲ್ಸ್ ದೇಶದ ತಂಡದ ಕೆಂಪು ಅಂಗಿಯನ್ನೂ ಒಮ್ಮೆ ತೊಟ್ಟರು. ಮಂಡಿ ಮುರಿದ ಮೇಲೆ ಊರಿಗೆ ಬಂದು ನಮ್ಮ ಕ್ಲಬ್ಬಿಗೇ ಮ್ಯಾನೇಜರ್ ಆದರು. ಆದರೆ ಆ ಖಾಲಿ ಗೂಟವನ್ನು ಮಾತ್ರ ಮರೆಯಲಿಲ್ಲ. ಪ್ರತಿ ಮೇ ತಿಂಗಳಲ್ಲಿ, ಕೈಬಿಡಬೇಕಾದ ಹುಡುಗರ ಮನೆಗೆ ಕೋಟು ಹಾಕಿಕೊಂಡು ತಾವೇ ಹೋಗಿ ಹೇಳುತ್ತಾರೆ. ನಿಮ್ಮಲ್ಲಿ ಹೇಗೋ, ಇಲ್ಲಿ ಈಗಲೂ ಮುಂಬಾಗಿಲು ಪಾದ್ರಿಗೆ, ಡಾಕ್ಟರಿಗೆ, ಹೆಣಕ್ಕೆ. ಮನೆಯವರದ್ದೆಲ್ಲ ಹಿತ್ತಲ ಬಾಗಿಲೇ. ಇವರು ಮುಂಬಾಗಿಲು ತಟ್ಟಿದರೆ ತಾಯಂದಿರಿಗೆ ವಿಷಯ ತಿಳಿದುಬಿಡುತ್ತದೆ. ಆದರೂ ಒಳಗೆ ಕರೆದು ಟೀ ಕೊಡುತ್ತಾರೆ.

ನಮ್ಮ ಮಗ ಗೆತಿನ್ ಇದೇ ಕ್ಲಬ್ಬಿನ ಗೋಲ್‌ಕೀಪರ್ ಅಲ್ಲವೇ? ಈ ವರ್ಷ ಗೆಲ್ಲಬೇಕಿದ್ದ ಪಂದ್ಯಗಳು ಅವನ ಕೈಜಾರಿ ಹೋದವು. ಅಪ್ಪ ಇರೋ ತನಕ ಮಗನಿಗೇನು ಭಯ ಎಂದು ಊರೆಲ್ಲ ಆಡಿಕೊಂಡಿತು. ನಾನೇನು ಕುರುಡಿಯಲ್ಲ, ಆದರೆ ಹೆತ್ತವಳು. ಇನ್ನೊಂದು ವರ್ಷ ನೋಡಿ ಎಂದು ಇವರನ್ನು ಬೇಡಿಕೊಂಡೆ. ಇವರು ತಟ್ಟೆ ನೋಡಿಕೊಂಡು ಊಟ ಮುಗಿಸಿದರು.

ಒಂದು ಶನಿವಾರ ಮಧ್ಯಾಹ್ನ ಕೋಟು ಹಾಕಿಕೊಂಡು ಹಿತ್ತಲಿಂದ ಹೊರಟರು. ಇವತ್ತು ಯಾರ ಮನೆಗೋ, ಪಾಪ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನಮ್ಮದೇ ಮುಂಬಾಗಿಲು ಬಡಿದ ಸದ್ದಾಯಿತು. ತೆರೆದರೆ ಇವರೇ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾರೆ.

“ಏನ್ರೀ ಇದು ನಾಟ್ಕ? ಹಿಂದಿನ ಬಾಗ್ಲು ತೆರ್ದೇ ಇದ್ಯಲ್ಲ,” ಎಂದೆ.

“ಬೇರೆ ತಾಯಂದ್ರಿಗೆ ಕೊಟ್ಟ ಮರ್ಯಾದೆ ನಿಂಗೂ ಕೊಡ್ಬೇಕಲ್ಲ ನೆಸ್ಟಾ. ಗೆತಿನ್‌ನ ಕರಿ,” ಎಂದರು.

ಮುಖದ ಮೇಲೇ ಬಾಗಿಲು ಹಾಕಿಬಿಡೋಣ ಅನ್ನಿಸಿತು. ಆದರೆ ಬೇರೆ ತಾಯಂದಿರು ಯಾರೂ ಹಾಗೆ ಮಾಡಿರಲಿಲ್ಲವಲ್ಲ. ಮುಂದಿನ ಕೋಣೆಯಲ್ಲಿ ಕೂರಿಸಿ, ಅಮ್ಮನ ಕಪ್ಪಿನಲ್ಲಿ ಟೀ ಕೊಟ್ಟು, ಒಣದ್ರಾಕ್ಷಿ ಹಾಕಿದ ಬಾರಾ ಬ್ರಿತ್ ಬ್ರೆಡ್ಡು ಕೊಯ್ದು ಬೆಣ್ಣೆ ಸವರಿ ಇಟ್ಟೆ. ಇವರು ಮುಟ್ಟಲಿಲ್ಲ. ಮಗನಿಗೆ ಎಲ್ಲವನ್ನೂ ಸುತ್ತುಬಳಸದೆ, ನೋಯದ ಹಾಗೆ ಹೇಳಿದರು. ರೆಕ್ಸಮ್ ಹತ್ತಿರದ ಸಣ್ಣ ಕ್ಲಬ್ಬೊಂದರಲ್ಲಿ ಅವನಿಗಾಗಿ ಮಾತಾಡಿಟ್ಟಿದ್ದರಂತೆ. ಗೆತಿನ್ ಎದ್ದು ಕೈಕುಲುಕಿದ.

“ಆಯ್ತು ಬಾಸ್,” ಎಂದ.

ಮೈದಾನದಲ್ಲಿ ಬಾಸ್ ಅನ್ನುತ್ತಿದ್ದ ಹುಡುಗ ಮನೆಯೊಳಗೆ ಅಪ್ಪ ಬಿಟ್ಟು ಬೇರೇನೂ ಅಂದವನಲ್ಲ. ಇವರು ಬಂದ ಬಾಗಿಲಲ್ಲೇ ಹೊರಗೆ ಹೋದರು, ಬೀದಿ ಸುತ್ತಿ ಹಿತ್ತಲಿಂದ ಒಳಗೆ ಬಂದು, ಒಲೆಯ ಪಕ್ಕ ಕೂತು ಅತ್ತರು ಅಕ್ಕ. ಮಂಡಿ ಮುರಿದಾಗಲೂ ಅಳದ ಮನುಷ್ಯ. ಬೈಯಬೇಕೆಂದು ಮಾತು ಕೂಡಿಟ್ಟುಕೊಂಡಿದ್ದವಳು ಇನ್ನೊಂದು ಕಪ್ಪು ಟೀ ಬಗ್ಗಿಸಿ ಕೊಟ್ಟೆ.

ಗೆತಿನ್ ಮರುವಾರವೇ ಆ ಕ್ಲಬ್ಬಿಗೆ ಹೊರಟುಹೋದ. ಊರಲ್ಲಿ ಇವರಿಗೆ ಈಗ ಎಲ್ಲಿಲ್ಲದ ಗೌರವ. ಮಾಂಸದಂಗಡಿಯವನಂತೂ ನ್ಯಾಯ ಅಂದರೆ ಎಮ್ಲಿನ್‌ದು ಎಂದು ಹೊಗಳಿದ. ಆ ಹೊಗಳಿಕೆ ಕಟ್ಟಿಕೊಂಡು ನಾನೇನು ಮಾಡಲಿ? ಚಾಪೆಲ್ಲಿನ ಚಾವಣಿ ಇನ್ನೂ ಸೋರುತ್ತಿದೆ, ಹೊಸ ಪಾದ್ರಿಯ ಪ್ರಸಂಗ ಮುಗಿಯುವುದೇ ಇಲ್ಲ.

ನಿನ್ನ ಮಕ್ಕಳಿಗೆ ಚಿಕ್ಕಮ್ಮನ ಮುತ್ತುಗಳು. ದೇವರು ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ.

ನಿನ್ನ ತಂಗಿ,
ನೆಸ್ಟಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕಳೆದ ಭಾನುವಾರ ಗೆತಿನ್ ಮೊದಲ ಸಲ ಮನೆಗೆ ಬರುವವನಿದ್ದ. ಇವರು ಬೆಳಿಗ್ಗೆಯಿಂದ ಹಿತ್ತಲ ಬಾಗಿಲು ತೆರೆದಿಟ್ಟುಕೊಂಡು ಕಾದರು. ಮಳೆ ಎರಚಲು ಹೊಡೆಯುತ್ತಿದೆ ಎಂದು ನಾನು ಗೊಣಗಿದರೂ ಮುಚ್ಚಲು ಬಿಡಲಿಲ್ಲ. ಮಗ ಬಂದ ಅಕ್ಕ. ಬಂದು ಮುಂಬಾಗಿಲು ತಟ್ಟಿದ.